ಕಾಶಿಯಾತ್ರೆಯ ಕೊಡೆ ಇಟಲಿಗೆ ಹೋದದ್ದು

ಮೊಟ್ಟಮೊದಲು ಒಂದು ಗಂಭೀರ ವಿಷಯವನ್ನು ಇತ್ಯರ್ಥ ಮಾಡಿಬಿಡಬೇಕು: ನಾನು ಮಡಚುವ ಕೊಡೆಯಲ್ಲ. ಕೈಚೀಲದೊಳಗೆ ಮುದುಡಿ ಕೂತು, ಗುಂಡಿ ಒತ್ತಿದರೆ ಬೆಚ್ಚಿಬಿದ್ದು ತೆರೆದುಕೊಳ್ಳುವ ಆ ಜಾತಿಗೂ ನನಗೂ ಯಾವ ಸಂಬಂಧವೂ ಇಲ್ಲ. ನಾನು ಉದ್ದ ಕೊಡೆ. ಎಂಟು ಕಡ್ಡಿ, ಕಪ್ಪು ಬಟ್ಟೆ, ಬಗ್ಗಿದ ಬೆತ್ತದ ಹಿಡಿ. ಮುಂದೆ ಆದದ್ದಕ್ಕೆಲ್ಲ ಈ ಉದ್ದವೇ ಕಾರಣವಾದ್ದರಿಂದ ಓದುವವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದೆಂದು ವಿನಂತಿ.

ನಾನು ಹುಟ್ಟಿದ್ದು ಮೈಸೂರಿನಲ್ಲಿ ಪೂಜೆ, ಮದುವೆಯ ಸಾಮಾನು ಮಾರುವ ಒಂದು ಗ್ರಂಥಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕಡ್ಡಿಗಳು ಒಂದೂರಿನಿಂದ, ಬಟ್ಟೆ ಇನ್ನೊಂದೂರಿನಿಂದ ಬಂದವು. ಅಂಗಡಿಯ ತುಂಗಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಎರಡನ್ನೂ ಸೇರಿಸಿ ಹೊಲಿದಳು. ಆಮೇಲೆ ಬಾಸಿಂಗ, ಗೆಜ್ಜೆವಸ್ತ್ರಗಳ ಪಕ್ಕದಲ್ಲಿ ನನ್ನನ್ನು ತೂಗುಹಾಕಿದರು. ನಾನು ಕಾಶಿಯಾತ್ರೆಯ ಕೊಡೆ ಎಂದು ಗೊತ್ತಾದದ್ದು ಅಲ್ಲಿ. ನನಗೆ ಹೆಮ್ಮೆಯಾಯಿತು. ಕಾಶಿಯೆಂದರೆ ದೂರ, ಪಕ್ಕದ ಬೀಸಣಿಗೆಯ ಮುಂದೆ ಸ್ವಲ್ಪ ಬೀಗಿದೆನೆಂದೂ ಒಪ್ಪಿಕೊಳ್ಳುತ್ತೇನೆ.

ಮದುವೆಯ ದಿನ ನಿಜ ತಿಳಿಯಿತು. ಗಂಡು ಕಚ್ಚೆಪಂಚೆ ಉಟ್ಟು, ಕೊಡೆ ಹಿಡಿದು, ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಛತ್ರದ ಬಾಗಿಲ ಕಡೆ ಹೊರಡುತ್ತಾನೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಹೆಣ್ಣಿನ ಕಡೆಯವರು ಅಡ್ಡ ಬಂದು, ತೆಂಗಿನಕಾಯಿ ಕೊಟ್ಟು, ಹುಡುಗಿ ಕೊಡುತ್ತೇವೆ ಬನ್ನಿ ಎಂದು ಕರೆಯುತ್ತಾರೆ. ಅವನು ತಿರುಗುತ್ತಾನೆ. ಅವನು ಹೊರಟದ್ದೇ ಕರೆಯಲಿ ಎಂದು. ಯಾತ್ರೆಗಾಗಿ ಹುಟ್ಟಿದ ನನ್ನ ಜನ್ಮ ಯಾತ್ರೆ ನಡೆಯದಿದ್ದರೆ ಮಾತ್ರ ಸಾರ್ಥಕ. ಇದನ್ನು ಎಷ್ಟು ಯೋಚಿಸಿದರೂ ನನಗೆ ಬಗೆಹರಿಯಲಿಲ್ಲ.

ನನ್ನನ್ನು ಹಿಡಿದವನು ವಾಗೀಶ. ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು. ಅವನ ಮಾವ ಆ ಹೊತ್ತಿಗೆ ಅಡಿಗೆಯವರ ಹತ್ತಿರ ಸಾರಿನ ವಿಚಾರ ಮಾತಾಡುತ್ತ ನಿಂತುಬಿಟ್ಟಿದ್ದರು. ಹತ್ತನೆಯ ಹೆಜ್ಜೆಗೆ ಕರೆ ಬರಲಿಲ್ಲ. ವಾಗೀಶ ಹನ್ನೊಂದನೆಯದನ್ನು ನಿಧಾನವಾಗಿ, ಹನ್ನೆರಡನೆಯದನ್ನು ಇನ್ನೂ ನಿಧಾನವಾಗಿ ಇಟ್ಟ. ಅಷ್ಟರಲ್ಲಿ ಯಾರೋ ಓಡಿಬಂದರು. ಅವನ ಕಿವಿ ಕೆಂಪಾಗಿದ್ದದ್ದನ್ನು ನಾನೊಬ್ಬನೇ ಮೇಲಿನಿಂದ ನೋಡಿದೆ.

ಹುಡುಗಿಯ ಹೆಸರು ಮೈತ್ರೇಯಿ. ಮಕ್ಕಳಿಗೆ ಪಿಟೀಲು ಪಾಠ ಹೇಳುತ್ತಿದ್ದಳು. ಅವಳ ಪಿಟೀಲಿನ ಎದೆಯ ಹಲಗೆ ಬಿರುಕು ಬಿಟ್ಟಿತ್ತು; ಮಂದ್ರಕ್ಕೆ ಇಳಿದರೆ ಒಳಗೆ ಜೀರುಂಡೆ ಹೊಕ್ಕ ಹಾಗೆ ಗುಯ್ಗುಡುತ್ತಿತ್ತು. ಊರಿನ ರಿಪೇರಿಯವರು ಇಬ್ಬರೂ ಹೊಸದು ತೊಗೊಳ್ಳಮ್ಮ ಎಂದು ಕೈಚೆಲ್ಲಿದ್ದರು. ಅವಳಿಗೆ ಹೊಸದು ಬೇಡ. ಏಳನೆಯ ವಯಸ್ಸಿನಿಂದ ಕೈ ಪಳಗಿದ್ದು ಅದರ ಮೇಲೆ.

ರಜೆಯಲ್ಲಿ ಇಬ್ಬರೂ ಇಟಲಿಗೆ ಹೋಗುವುದೆಂದಾಯಿತು. ಅಗ್ಗದ ರೈಲು, ಅಗ್ಗದ ಕೋಣೆ, ಒಬ್ಬೊಬ್ಬರಿಗೆ ಒಂದು ಬೆನ್ನುಚೀಲ, ಇಬ್ಬರಿಗೂ ಸೇರಿ ಒಂದೇ ಸಿಮ್ಮು, ಅದು ವಾಗೀಶನ ಫೋನಿನಲ್ಲಿ. ಮೈತ್ರೇಯಿ ಕ್ರೆಮೋನಾ ಎಂಬ ಊರಿನಲ್ಲಿ ಪಿಟೀಲು ಮಾಡುವ ಎತ್ತೋರೆ ಎಂಬ ಮುದುಕನಿಗೆ ಪತ್ರ ಬರೆದಳು. ಗುರುವಾರ ಮೂರು ಗಂಟೆಯೊಳಗೆ ತನ್ನಿ, ಶನಿವಾರ ಮಗಳ ಮನೆಗೆ ಹೋಗುತ್ತೇನೆ ಎಂದು ಉತ್ತರ ಬಂತು. ವಾಗೀಶ ಮಾಡಿದ ವೇಳಾಪಟ್ಟಿಯಲ್ಲಿ ಗುರುವಾರದ ಚೌಕದಲ್ಲಿ ಶಾಯಿಯಲ್ಲಿ ಮಿಲಾನ್ ಎಂದಿತ್ತು. ಮೂಲೆಯಲ್ಲಿ ಪೆನ್ಸಿಲಿನಲ್ಲಿ, 'ಕ್ರೆಮೋನಾ, ಸಾಧ್ಯವಾದರೆ.'

"ಅಲ್ಲಿ ಮಳೆಯಂತೆ, ಈ ಕೊಡೆ ತೊಗೊಂಡ್ಹೋಗ್ರೋ, ಗಟ್ಟಿಯಾಗಿದೆ" ಎಂದರು ವಾಗೀಶನ ತಾಯಿ. ಯಾವ ಚೀಲಕ್ಕೂ ಹಿಡಿಸದ ನನ್ನನ್ನು ಪಿಟೀಲಿನ ಪೆಟ್ಟಿಗೆಗೆ ಹಗ್ಗದಿಂದ ಕಟ್ಟಿದರು.

ಇಟಲಿಯ ಬಗ್ಗೆ ನನ್ನನ್ನು ಕೇಳಿ ಪ್ರಯೋಜನವಿಲ್ಲ. ರೋಮ್ ಎಂದರೆ ಕಲ್ಲುಹಾಸು ಮತ್ತು ಬೂಟುಗಳು. ಫ್ಲಾರೆನ್ಸ್ ಎಂದರೆ ಇನ್ನಷ್ಟು ಕಲ್ಲುಹಾಸು, ಇನ್ನಷ್ಟು ಬೂಟುಗಳು. ವೆನಿಸ್ಸಿನಲ್ಲಿ ರಸ್ತೆ ಇರಬೇಕಾದಲ್ಲಿ ನೀರಿತ್ತು; ಯಾರೂ ಅದಕ್ಕೆ ಗಾಬರಿಯಾದಂತೆ ಕಾಣಲಿಲ್ಲ. ರೈಲು ಹತ್ತುವ ಮುಂಚೆ ಟಿಕೇಟಿಗೆ ಒಂದು ಯಂತ್ರದಲ್ಲಿ ಮುದ್ರೆ ಒತ್ತಿಸಬೇಕೆಂದು ವಾಗೀಶ ಓದಿದ್ದ. ಆ ಭಯಕ್ಕೆ ಸಿಕ್ಕಿದ್ದಕ್ಕೆಲ್ಲ ಒತ್ತಿಸಿದ, ವಸ್ತುಸಂಗ್ರಹಾಲಯದ ರಸೀದಿಗೂ. ಮಳೆ ಮಾತ್ರ ಒಂದು ಹನಿ ಬೀಳಲಿಲ್ಲ.

ಗುರುವಾರ ಹನ್ನೆರಡು ಗಂಟೆಗೆ ವೆರೋನಾದಲ್ಲಿ ರೈಲು ಬದಲಿಸಲು ಇಳಿದೆವು.

"ರೀ, ಇಲ್ಲಿಂದ ಮಾಂತೋವಾ, ಅಲ್ಲಿ ರೈಲು ಬದಲಾಯಿಸಿದ್ರೆ ಕ್ರೆಮೋನಾ. ಮೂರರೊಳಗೆ ಸೇರ್ಬಹುದು" ಎಂದಳು ಮೈತ್ರೇಯಿ.

"ಮಿಲಾನ್ ಚರ್ಚಿನ ಟಿಕೇಟ್ ಆಗ್ಲೇ ತೊಗೊಂಡಾಗಿದೆ ಕಣೇ."

"ಚರ್ಚು ಆರುನೂರು ವರ್ಷದಿಂದ ಅಲ್ಲೇ ನಿಂತಿದೆ. ಆ ತಾತ ಮೂರು ಗಂಟೆ ತನಕ ಮಾತ್ರ ಕಾಯ್ತಾರೆ."

"ಸಾಧ್ಯವಾದ್ರೆ ಅಂತ ಬರ್ದಿದ್ದೆ. ಒಂದು ಒಡಕು ಪೆಟ್ಟಿಗೆಗೋಸ್ಕರ ಪ್ಲಾನೆಲ್ಲ..."

"ಏನಂದ್ರಿ?"

"ಏನಿಲ್ಲ."

"ಪೆಟ್ಟಿಗೆ ಅಂದ್ರಿ."

"ಹೌದು, ಅಂದೆ. ನಿಂಗೆ ಬೇಕಾದ್ರೆ ಹೋಗು. ನಾನು ನನ್ನ ಪಾಡಿಗೆ ಹೊರಟೆ."

ಹಾಗೆಂದವನು ಹಗ್ಗ ಬಿಚ್ಚಿ ನನ್ನನ್ನು ಎಳೆದುಕೊಂಡು ಹೊರಟೇಬಿಟ್ಟ. ಆ ನಡಿಗೆ ನನಗೆ ಚೆನ್ನಾಗಿ ಗೊತ್ತು. ಎದೆ ಮುಂದೆ, ಕಿವಿ ಹಿಂದೆ. ಹತ್ತು ಹೆಜ್ಜೆಯಾಯಿತು. ಹನ್ನೆರಡಾಯಿತು. ಜನ ಜಾಸ್ತಿಯಿದ್ದರು; ಕಾಣದೆ ಹೋದರೆ ಪಾಪ ಅವಳು ಕರೆಯುವುದು ಹೇಗೆ ಎಂದುಕೊಂಡನೋ ಏನೋ, ನನ್ನನ್ನು ತಲೆಯ ಮೇಲೆ ಎತ್ತಿ ಹಿಡಿದ. ಮೂವತ್ತನೆಯ ಹೆಜ್ಜೆಯ ಹೊತ್ತಿಗೆ ಬೆನ್ನ ಹಿಂದೆ ಸಪ್ಪಳ ಕೇಳಿಸಿತು. ಅವನ ಮೀಸೆಯಡಿ ನಗು ಸುಳಿಯಿತು. ಸ್ವಲ್ಪ ಬರಲಿ ಎಂದು ಇನ್ನೂ ಹತ್ತು ಹೆಜ್ಜೆ ನಡೆದು, ಮುಖ ಗಂಭೀರ ಮಾಡಿಕೊಂಡು, ತಿರುಗಿದ.

ಹಳದಿ ಟೋಪಿ ಹಾಕಿದ ಹನ್ನೊಂದು ಜನ ಮುದುಕ ಮುದುಕಿಯರು ಅವನ ಮುಂದೆ ನಿಂತಿದ್ದರು.

ಪ್ರವಾಸಿಗಳ ಗುಂಪನ್ನು ನಡೆಸುವವರು ಆ ದೇಶದಲ್ಲಿ ಗುರುತಿಗೆ ಕೊಡೆ ಎತ್ತಿ ಹಿಡಿಯುತ್ತಾರಂತೆ. ಅದು ಆಮೇಲೆ ತಿಳಿದದ್ದು. ಆಗಂತೂ ನಮ್ಮಿಬ್ಬರಿಗೂ ಏನೂ ತಿಳಿಯಲಿಲ್ಲ. ವಾಗೀಶ ಬಲಕ್ಕೆ ಸರಿದ; ಅವರೂ ಬಲಕ್ಕೆ ಸರಿದರು. ಒಬ್ಬ ಅಜ್ಜಿ ಅವನ ತೋಳು ಹಿಡಿದು ಯಾವುದೋ ಭಾಷೆಯಲ್ಲಿ ಏನನ್ನೋ ಕೇಳಿದಳು. "ಅಯ್ಯೋ, ನಾನಲ್ಲಮ್ಮ, ನಾನಲ್ಲ" ಎಂದ ಇವನು, ಕನ್ನಡದಲ್ಲಿ. ಆಕೆ ಸಮಾಧಾನವಾದಂತೆ ತಲೆಯಾಡಿಸಿದಳು. ಕೊನೆಗೆ ನಿಜವಾದ ಮಾರ್ಗದರ್ಶಿ ಕೆಂಪು ಕೊಡೆ ಹಿಡಿದು ಓಡಿಬಂದು, ಅವನನ್ನು ಕಳ್ಳನ ಹಾಗೆ ನೋಡಿ, ಎಲ್ಲರನ್ನೂ ಎಣಿಸಿ ಕರೆದುಕೊಂಡು ಹೋದಳು.

ನಾವು ಪ್ಲಾಟ್‌ಫಾರ್ಮಿಗೆ ಓಡಿದೆವು. ಮಾಂತೋವಾದ ರೈಲು ಹೋಗಿತ್ತು. ಬೆಂಚಿನ ಮೇಲೆ ಚಪಾತಿ ಚಟ್ನಿಪುಡಿಯ ಪೊಟ್ಟಣವಿತ್ತು, ಅವನ ಪಾಲಿನದು. ಅವಳೂ ಇಲ್ಲ, ಪಿಟೀಲೂ ಇಲ್ಲ.

ಅವನು ಫೋನು ತೆಗೆದು ನೋಡಿದ, ಮತ್ತೆ ಜೇಬಿಗಿಟ್ಟ. ಹುಡುಗಿಯ ಹತ್ತಿರ ಫೋನುಂಟು, ಸಿಮ್ಮಿಲ್ಲ. ಗೊತ್ತಿಲ್ಲದ ಊರಿನಲ್ಲಿ ರೈಲು ಬದಲಿಸಬೇಕು. ಮಿಲಾನಿನ ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ವಾಗೀಶ ಹತ್ತಲಿಲ್ಲ. ಮುಂದಿನ ಮಾಂತೋವಾ ರೈಲಿಗೆ ಕಾದು ಕೂತ. ಹತ್ತುವಾಗ ಟಿಕೇಟಿಗೆ ಮುದ್ರೆ ಒತ್ತಿಸುವುದನ್ನೂ ಮರೆತ. ಯಾರೂ ಕೇಳಲಿಲ್ಲ.

ಕ್ರೆಮೋನಾದ ಆ ಕಿರುಗಲ್ಲಿಯ ಅಂಗಡಿಯನ್ನು ಹುಡುಕಿ ಬಾಗಿಲು ತಳ್ಳಿದಾಗ ಐದೂವರೆ. ಒಳಗೆ ಮೈತ್ರೇಯಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎದುರಿಗೆ ಮರದ ಹೊಟ್ಟು ಮೆತ್ತಿದ ಏಪ್ರನ್ನಿನಲ್ಲಿ ಎತ್ತೋರೆಯೂ ನೆಲದ ಮೇಲೆಯೇ ಕೂತಿದ್ದ, ಕಷ್ಟಪಟ್ಟು. ಪಿಟೀಲಿನ ತಲೆಯ ಸುರುಳಿಯ ಹತ್ತಿರ ಬಣ್ಣ ಸವೆದದ್ದನ್ನು ಕಂಡು ಅವನಿಗೆ ತಲೆ ಕೆಟ್ಟುಹೋಗಿತ್ತಂತೆ. ಐವತ್ತು ವರ್ಷದಲ್ಲಿ ಅಲ್ಲಿ ಸವೆದ ಪಿಟೀಲನ್ನು ಅವನು ಕಂಡಿರಲಿಲ್ಲ. ನಮ್ಮವರು ನೆಲದಲ್ಲಿ ಕೂತು, ಸುರುಳಿಯನ್ನು ಪಾದದ ಮೇಲಿಟ್ಟು ನುಡಿಸುವುದನ್ನು ಅವಳು ತೋರಿಸಿದ್ದಳು. ಅವನು ಈಗ ಒಂದು ಹಳೆಯ ಪಿಟೀಲನ್ನು ತನ್ನ ಪಾದದ ಮೇಲಿಟ್ಟು ನೋಡುತ್ತಿದ್ದ.

"ಬಂದ್ರಾ? ಬಾಗಿಲು ಹಾಕಿ, ಗಾಳಿ ಬಂದ್ರೆ ಅಂಟು ಕೂತ್ಕೊಳ್ಳಲ್ವಂತೆ" ಎಂದಳು ಮೈತ್ರೇಯಿ. ಅವಳ ಪಿಟೀಲು ಆಗಲೇ ಮೇಜಿನ ಮೇಲೆ ಇಕ್ಕಳಗಳ ನಡುವೆ ಬಿಗಿದು ಮಲಗಿತ್ತು.

ವಾಗೀಶ ಬಾಗಿಲು ಹಾಕಿದ. "ನೀನು ಕರೀತೀಯ ಅಂದ್ಕೊಂಡೆ."

"ನಾನು ನೀವು ಬರ್ತೀರ ಅಂದ್ಕೊಂಡೆ."

"ಎಷ್ಟು ಹೊತ್ತು ಕಾದೆ?"

"ಕಾಯ್ಲಿಲ್ಲ. ರೈಲು ಬಂತು, ಹತ್ದೆ."

ಅವನು ನನ್ನನ್ನು ಬಾಗಿಲ ಮೂಲೆಗೆ ಒರಗಿಸಿ, ಅವಳ ಪಕ್ಕದಲ್ಲಿ ಕೂತು ಪೊಟ್ಟಣ ಬಿಚ್ಚಿದ. ಎತ್ತೋರೆಗೂ ಒಂದು ಚಪಾತಿ ಕೊಟ್ಟ. ಚಟ್ನಿಪುಡಿಗೆ ಮುದುಕ ಕೆಮ್ಮಿದ, ಕಣ್ಣೊರೆಸಿಕೊಂಡ, ಮತ್ತೆ ಕೈ ಚಾಚಿದ. ಪಿಟೀಲು ಅಂಥಾ ಉತ್ತಮ ಜಾತಿಯದಲ್ಲ, ಅದಕ್ಕಿಂತ ಅಂಟೇ ಒಳ್ಳೆಯದು ಎಂದು ಕೈಸನ್ನೆಯಲ್ಲಿ ತಿಳಿಸಿದ. ನಾಳೆ ಸಂಜೆ ಬನ್ನಿ ಎಂದ.

ಮರುದಿನ ಸಂಜೆ ಪಿಟೀಲು ತೆಗೆದುಕೊಂಡು ವಿಮಾನದ ಊರಿನ ರೈಲು ಹಿಡಿಯಲು ಓಡಿದರು. ಆಕಾಶ ಶುಭ್ರವಾಗಿತ್ತು. ನನ್ನ ನೆನಪು ಯಾರಿಗೂ ಆಗಲಿಲ್ಲ.

ಅಂದಿನಿಂದ ನಾನು ಇದೇ ಮೂಲೆಯಲ್ಲಿದ್ದೇನೆ. ಬಟ್ಟೆ ಬೂದಿಬಣ್ಣಕ್ಕೆ ತಿರುಗಿದೆ, ಒಂದು ಕಡ್ಡಿ ಮುರಿದಿದೆ, ಎತ್ತೋರೆ ಅದನ್ನು ಪಿಟೀಲಿನ ಅಂಟಿನಿಂದಲೇ ಕೂಡಿಸಲು ನೋಡಿ ಸೋತಿದ್ದಾನೆ. ಗಿರಾಕಿಗಳು ಬರುತ್ತಾರೆ, ಹೋಗುತ್ತಾರೆ. ಕರೆದರೆಂದು ಬಂದವರು ಯಾರು, ಕರೆಯದೆ ಬಂದವರು ಯಾರು ಎಂದು ಬೂಟುಗಳನ್ನು ನೋಡಿ ತಿಳಿಯಲು ಪ್ರಯತ್ನಿಸುತ್ತೇನೆ. ತಿಳಿಯುವುದಿಲ್ಲ. ವರ್ಷಕ್ಕೊಂದು ಸಲ ಮೈತ್ರೇಯಿಯ ಕಾಗದ ಬರುತ್ತದೆ. ಎತ್ತೋರೆ ಅದನ್ನು ತಡವರಿಸುತ್ತ ಗಟ್ಟಿಯಾಗಿ ಓದುತ್ತಾನೆ. ಬಿರುಕು ಕೂಡಿಕೊಂಡಿದೆ. ಮಂದ್ರ ಸರಿಯಾಗಿ ನುಡಿಯುತ್ತದೆ.