ಬೆನ್ನ ಮೇಲಿನ ಬೊಟ್ಟು

1994ರ ಅಕ್ಟೋಬರ್ 13, ಗುರುವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಅರಸೀಕೆರೆಯ ಒಂದು ಗ್ಯಾರೇಜಿನಲ್ಲಿ ನನ್ನನ್ನು ಎಣ್ಣೆಕಾಗದದಿಂದ ಬಿಚ್ಚಿ ಬೆಂಚಿನ ಮೇಲಿಟ್ಟರು. ಹುಟ್ಟಿದ್ದು ಅದಕ್ಕೂ ಮೊದಲು, ಯಾವುದೋ ಕಾರ್ಖಾನೆಯಲ್ಲಿ. ಉಕ್ಕಿನ ಪಟ್ಟಿಗೆ ತಾಮ್ರ, ಸೀಸಗಳ ಲೇಪ ಹಾಕಿ, ತುಂಡರಿಸಿ, ಬಗ್ಗಿಸಿದ್ದರು. ಆದರೆ ಕಾಗದದೊಳಗೆ ಕಳೆದ ಕಾಲವನ್ನು ಬದುಕು ಎನ್ನಲಾರೆ.

ನಾನು ಒಂದು ಬೇರಿಂಗ್. ಒಳಗೆ ಗುಂಡುಗಳು ಉರುಳುವ ಜಾತಿಯಲ್ಲ. ಬಳೆಯೊಂದನ್ನು ಎರಡಾಗಿ ಸೀಳಿದರೆ ಸಿಗುವಂಥ ತೆಳುವಾದ ಅರೆಬಳೆ. ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್ನಿನ ಹೊಡೆತವನ್ನು ಒಂದು ರಾಡು ಕೆಳಗೆ ತರುತ್ತದೆ. ಕ್ರ್ಯಾಂಕ್ ಎಂಬ ದಪ್ಪ ದಂಡ ಅದನ್ನು ತಿರುಗಾಟವಾಗಿ ಮಾಡಿಕೊಳ್ಳುತ್ತದೆ. ಇಬ್ಬರ ನಡುವೆ ಸಿಕ್ಕಿಕೊಂಡವನು ನಾನು. ಕ್ರ್ಯಾಂಕಿಗೂ ನನಗೂ ಎಂದೂ ಆಗಿಬರಲಿಲ್ಲ. ನಾವು ಮುಟ್ಟಿಕೊಳ್ಳದಂತೆ ನಡುವೆ ಆಯಿಲಿನ ಪದರವೊಂದು ಓಡುತ್ತಿರುತ್ತದೆ. ಅದಕ್ಕೆಂದು ಬಿಟ್ಟ ಜಾಗ ಮಿಲಿಮೀಟರಿನ ನೂರರಲ್ಲಿ ಐದು ಭಾಗ. ಅಷ್ಟು ಜಾಗ ಉಳಿದಿದ್ದರೆ ಹಗೆಗಳು ಕೂಡ ಜೊತೆಗೆ ಬಾಳಬಹುದು.

ಅಂದು ಆಯುಧಪೂಜೆ. ಕಾರಿನ ಯಜಮಾನಿ ಪಂಕಜಮ್ಮ ಹರಿವಾಣ ಹಿಡಿದುಕೊಂಡು ಬಂದರು. ಅವರದು ಒಂದೇ ಬಾಡಿಗೆ ಕಾರು. ಅದರ ಎಂಜಿನ್ ರಿಪೇರಿಗೆಂದು ಬಿಚ್ಚಿ ಹರಡಿತ್ತು.

"ಜೋಡಿಸಿದ್ಮೇಲೆ ಪೂಜೆ ಮಾಡಿ ಅಮ್ಮ," ಎಂದ ಮೆಕ್ಯಾನಿಕ್ ದಸ್ತಗೀರ್.

"ಇವತ್ತು ಬಿಟ್ರೆ ಇನ್ನು ಬರೋ ವರ್ಷಾನೇ. ಬಿಚ್ಚಿದ್ರೇನಂತೆ, ಒಂದೊಂದಕ್ಕೂ ಇಡ್ತೀನಿ."

"ಹಂಗಾದ್ರೆ ಹೊಳೆಯೋ ಕಡೆ ಬೇಡ. ಬೆನ್ನಿಗಿಡಿ."

ನಾವು ಎಂಟು ಅರೆಬಳೆಗಳು. ಎಂಟರ ಬೆನ್ನಿಗೂ ನೀರಲ್ಲಿ ಕಲಸಿದ ಅರಿಶಿನ ಕುಂಕುಮದ ಬೊಟ್ಟು ಬಿತ್ತು. ಪಂಕಜಮ್ಮ ಅತ್ತ ತಿರುಗಿ ಕರ್ಪೂರ ಹಚ್ಚುತ್ತಿದ್ದಾಗ ದಸ್ತಗೀರ್ ಬಟ್ಟೆ ತೆಗೆದುಕೊಂಡು ಸರಸರನೆ ಒರೆಸತೊಡಗಿದ. ಏಳು ಮುಗಿದಿದ್ದವು. ಎಂಟನೆಯವನಾದ ನಾನು ಅವನ ಕೈಯಲ್ಲಿದ್ದೆ. ಅಷ್ಟರಲ್ಲಿ ಅವರು ಇತ್ತ ತಿರುಗಿದರು.

"ಏನ್ ಸಾಬ್ರೇ, ನಾನಿಟ್ಟ ಕುಂಕುಮ ಒರೆಸ್ತಿದೀರಾ?"

"ಇಲ್ಲಮ್ಮ, ಕೈ ಒರೆಸ್ಕೊಳ್ತಿದ್ದೆ."

ಬಟ್ಟೆ ಕೆಳಗಿಟ್ಟ. ಅವರು ನೋಡುತ್ತಿದ್ದಂತೆಯೇ ನನ್ನನ್ನು ಮೂರನೆಯ ರಾಡಿನಲ್ಲಿ ಕೂರಿಸಿ ಬೋಲ್ಟು ಬಿಗಿದ. ಬೆನ್ನಿಗೊಂದು ಕಲ್ಲು ಒತ್ತಿದಂತಾಯಿತು. ಕ್ರ್ಯಾಂಕಿನ ಕಡೆಗಿದ್ದ ಹೊಟ್ಟೆ ಆ ಜಾಗದಲ್ಲಿ ಸ್ವಲ್ಪವೇ ಉಬ್ಬಿತು.

ಉಬ್ಬಿದ ಜಾಗದಲ್ಲಿ ಆಯಿಲು ನಿಲ್ಲಲಿಲ್ಲ. ಕ್ರ್ಯಾಂಕ್ ಸುತ್ತುಸುತ್ತಿಗೂ ನನ್ನನ್ನು ಉಜ್ಜಿತು. ಚಳಿಗಾಲ ಕಳೆಯುವ ಹೊತ್ತಿಗೆ ನನ್ನ ಲೇಪ ಎದ್ದುಹೋಗಿ, ರಾಡು ಸಡಿಲವಾಗಿ, ಬಾಣಾವರದ ದಾರಿಯಲ್ಲಿ ಗೇರು ಬದಲಿಸಿದಾಗ ಮೊದಲ ಸಲ ಸದ್ದು ಹೊರಟಿತು: ಟಕ್, ಟಕ್, ಟಕ್. ಬಾಗಿಲನ್ನು ಗೆಣ್ಣಿನಿಂದ ಬಡಿದಂತೆ.

ಡ್ರೈವರ್ ಲೋಕಪ್ಪ ತಕ್ಷಣ ಕಾರು ನಿಲ್ಲಿಸಿ ಕಡ್ಡಿ ಎಳೆದು ಆಯಿಲ್ ನೋಡಿದ. ಮಟ್ಟ ಸರಿಯಿತ್ತು. ಹಿಂದಿನ ಸೀಟಿನಲ್ಲಿದ್ದ ಪಂಕಜಮ್ಮ ಗಾಜು ಇಳಿಸಿದರು.

"ಈಗ ನೋಡೋದೇನು? ಡಬ್ಬಿ ಡಬ್ಬಿ ಆಯಿಲ್ ಮಾರ್ಕೊಂಡು, ಖಾಲಿ ಡಬ್ಬಿ ತಂದು ನನಗೆ ತೋರಿಸೋವಾಗ ಗೊತ್ತಿರಲಿಲ್ವಾ?"

"ಅಮ್ಮಾವ್ರೇ, ಈ ಮಾತು ಮಾತ್ರ ಆಡ್ಬೇಡಿ."

ಮಾತು ಅವರಿಗಿಂತ ಮೊದಲೇ ಊರು ತಲುಪಿದಂತಿತ್ತು. ಮಾರನೆಯ ದಿನವೇ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನು 'ಆಯಿಲ್ ಲೋಕಪ್ಪ'. ಡ್ರೈವರನಿಗೆ ಅಂಥ ಹೆಸರು ಅಂಟಿತೆಂದರೆ ಇನ್ನೊಬ್ಬ ಮಾಲೀಕ ಕೀಲಿಕೈ ಕೊಡುವುದಿಲ್ಲ.

ದಸ್ತಗೀರ್ ಸದ್ದಿನ ಮೂಲ ಹುಡುಕಿದ. ಮೊದಲು ವಾಲ್ವುಗಳ ಸಡಿಲ ಸರಿಪಡಿಸಿದ, ಸದ್ದು ಇತ್ತು. ಎಂಜಿನ್ ಕೂರುವ ರಬ್ಬರುಗಳನ್ನು ನೋಡಿದ, ಗಟ್ಟಿಯಾಗಿದ್ದವು. ಕೊನೆಗೆ ಎಂಜಿನ್ ಓಡುತ್ತಿರುವಾಗಲೇ ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದ. ಯಾವ ಸಿಲಿಂಡರಿಗೆ ಡೀಸೆಲ್ ನಿಂತಾಗ ಸದ್ದು ಕುಗ್ಗುತ್ತದೋ ರೋಗ ಅಲ್ಲಿ. ಒಂದು, ಎರಡು: ಬದಲಾಗಲಿಲ್ಲ. ಮೂರನೆಯದಕ್ಕೆ ಸದ್ದು ಅಡಗಿತು.

"ರಾಡ್ ಹೊಡೀತಿದೆ," ಎಂದ.

ನನ್ನನ್ನು ಹೊರತೆಗೆದಾಗ ಹೊಟ್ಟೆಯಲ್ಲಿ ಬೆರಳ ತುದಿಯಷ್ಟು ಅಗಲ ಲೇಪ ಕಿತ್ತು ಕೆಂಪಗೆ ಕಾಣುತ್ತಿತ್ತು.

"ನೋಡು ನಿನ್ನ ಕೆಲಸ. ಆಯಿಲ್ ಇಲ್ದೆ ಸುಟ್ಟಿದೆ," ಎಂದರು ಪಂಕಜಮ್ಮ.

"ಆಯಿಲ್ ಇಲ್ದಿದ್ರೆ ಇದೊಂದೇ ಯಾಕೆ ಸುಡುತ್ತೆ? ಮಿಕ್ಕ ಏಳೂ ಹೊಸದರ ಹಂಗಿವೆ. ಹೇಳು ಭಾಯ್," ಎಂದ ಲೋಕಪ್ಪ.

ದಸ್ತಗೀರ್ ನನ್ನನ್ನು ಮಗುಚಿದ. ಬೊಟ್ಟನ್ನು ಕಂಡ. ಅವನ ಹೆಬ್ಬೆರಳು ಅದರ ಮೇಲೆ ಮುಚ್ಚಿಕೊಂಡಿತು. ನನ್ನನ್ನು ಸೀಮೆಎಣ್ಣೆಯ ಬೋಗುಣಿಗೆ ಬಿಟ್ಟು, "ಆಯಿಲ್ ಕಮ್ಮಿಯಾದ್ರೂ ಹಿಂಗಾಗ್ಬೋದು," ಎಂದ.

ಆ ಒಂದು 'ಆಗ್ಬೋದು' ಲೋಕಪ್ಪನ ಕೆಲಸ ತಿಂದಿತು.

ಹೊಸ ಬೇರಿಂಗುಗಳು ಬಂದ ಶುಕ್ರವಾರ ಪಂಕಜಮ್ಮ ಮತ್ತೆ ಹರಿವಾಣದೊಂದಿಗೆ ಬಂದರು. ಕಾರಿನಲ್ಲಿ ಉಳಿದಿದ್ದ ಫ್ಲಾಸ್ಕು, ಟವಲು ಒಯ್ಯಲು ಲೋಕಪ್ಪನೂ ಬಂದಿದ್ದ. ಅವರ ಬೆರಳು ಕುಂಕುಮದ ಬಟ್ಟಲಿಗೆ ಇಳಿದದ್ದನ್ನು ನೋಡಿ ನಿಂತ. ಏನೋ ಹೊಳೆದವನಂತೆ ಬೋಗುಣಿಗೆ ಕೈ ಹಾಕಿ ನನ್ನನ್ನು ಎತ್ತಿ ಮಗುಚಿದ.

"ಭಾಯ್, ಇದೇನು?"

"ಕಲೆ."

"ಕಲೆಗೆ ದಪ್ಪ ಇರಲ್ಲ. ಅಳೆ."

"ತಪ್ಪನ್ನ ದೇವರ ಕುಂಕುಮದ ಮೇಲೆ ಹಾಕ್ತೀಯೇನೋ, ಕಳ್ಳ?" ಎಂದರು ಪಂಕಜಮ್ಮ.

"ನಿಮ್ಮ ದೇವರನ್ನ ನಾನು ಏನೂ ಅಂದಿಲ್ಲ. ಭಾಯ್‌ನ ಕೇಳ್ತಿದೀನಿ. ಅಳೆ ಭಾಯ್, ಇಲ್ಲೇ, ಇವರ ಮುಂದೆ."

ದಸ್ತಗೀರ್ ಕೈ ಒರೆಸಿಕೊಂಡ. ಆಮೇಲೆ ಮೈಕ್ರೋಮೀಟರ್ ತೆಗೆದ. ಬಾಗಿದ ಹೊಟ್ಟೆಗೆ ಅದರ ಚಪ್ಪಟೆ ದವಡೆ ಕೂರುವುದಿಲ್ಲವೆಂದು ನಡುವೆ ಸೈಕಲ್ಲಿನ ಗುಂಡೊಂದನ್ನು ಇಟ್ಟ. ಬೊಟ್ಟಿನ ಮೇಲೆ ಅಳೆದ. ಬ್ಲೇಡಿನಿಂದ ಬೊಟ್ಟನ್ನು ಹೆರೆದ. ಸುಟ್ಟ ಅರಿಶಿನದ ವಾಸನೆ ಎದ್ದಿತು. ಅದೇ ಜಾಗದಲ್ಲಿ ಮತ್ತೆ ಅಳೆದ.

"ಜೋರಾಗಿ ಹೇಳು."

ದಸ್ತಗೀರ್ ಗೋಡೆ ನೋಡುತ್ತಾ ವ್ಯತ್ಯಾಸ ಹೇಳಿದ. "ಅವತ್ತು ನೀವು ನೋಡ್ತಿದ್ರಿ ಅಮ್ಮ. ಒರೆಸೋಕೆ ಧೈರ್ಯ ಬರಲಿಲ್ಲ," ಎಂದ.

"ಅವತ್ತು ಬರಲಿಲ್ಲ, ಸರಿ. ಮೊನ್ನೆ?" ಎಂದ ಲೋಕಪ್ಪ.

ಪಂಕಜಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹರಿವಾಣ ಎತ್ತಿಕೊಂಡು ಹೊರಟರು. ಎರಡು ಸಲ ಲೋಕಪ್ಪನಿಗೆ ಹೇಳಿಕಳಿಸಿದರಂತೆ, ಅವನು ಹೋಗಲಿಲ್ಲ. ಮರುವರ್ಷದಿಂದ ಕಾರನ್ನೂ ಬೇರೆ ಗ್ಯಾರೇಜಿಗೆ ಒಯ್ದರು. ಲೋಕಪ್ಪ ತಿಪಟೂರಿನಲ್ಲಿ, ಹೆಸರು ಗೊತ್ತಿಲ್ಲದವರ ನಡುವೆ, ಯಾರದೋ ಟೆಂಪೋ ಓಡಿಸುತ್ತಾನೆ. ಇಲ್ಲಿಯ ಸ್ಟ್ಯಾಂಡಿನಲ್ಲಿ ಅವನು ಇನ್ನೂ ಆಯಿಲ್ ಲೋಕಪ್ಪನೇ.

ನಾನು ವಾಷರುಗಳ ಡಬ್ಬಿಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ದಸ್ತಗೀರ್ ವಾಷರ್ ಹುಡುಕುವಾಗ ಬೆರಳಿಗೆ ನಾನು ತಾಗಿದರೆ ಕೈ ಹಿಂದೆಗೆಯುತ್ತಾನೆ. ಗುಜರಿಗೆ ಮಾತ್ರ ಹಾಕಿಲ್ಲ. ಸೀಮೆಎಣ್ಣೆಯಲ್ಲಿ ಬಿದ್ದುಕೊಂಡು ನಾನು ಹೇಳಬೇಕೆಂದಿದ್ದ ಮಾತನ್ನು ಕೊನೆಗೆ ಅವನೇ ಹೇಳಿದ್ದ, ಲೋಕಪ್ಪನ ಕೆಲಸ ಹೋದ ಮೇಲೆ. ಕ್ರ್ಯಾಂಕಿಗೂ ನನಗೂ ಬಿಟ್ಟಿದ್ದ ಜಾಗ 0.05 ಮಿಲಿಮೀಟರ್. ಬೊಟ್ಟಿನ ದಪ್ಪ 0.04 ಮಿಲಿಮೀಟರ್.