ಬೀರಲಿಂಗನ ಗಾದಿ

“ನಿಮ್ಮ ಗಾದೀನ ಎಲ್ಲಾಕ್ಕಿಂತ ಮೊದಲ ಹಿಡದೇನ್ರಿ ಅಕ್ಕಾರ. ನಾಕು ಮಂದಿ ಸರದಿ ಇದ್ರೂ ಬಾಜು ಸರಿಸಿ!”

ಅರಳೆ ಹಿಂಜುವ ಯಂತ್ರದ ಸದ್ದಿನ ಮೇಲೆ ದನಿ ಎತ್ತಿ ಅಬ್ದುಲ್‌ಸಾಬ ಹುರುಪಿನಿಂದ ಹೇಳಿದ. ಅಣ್ಣಿಗೇರಿಯಲ್ಲಿ ಅವನದೊಂದು ತಗಡಿನ ಶೆಡ್ಡು. ಗಾದಿ, ತಲೆದಿಂಬು ಮಾಡುವುದು ಅವನ ತಾತನ ಕಾಲದಿಂದ ಬಂದ ಕಸುಬು. ಓಡುತ್ತ ಬಂದಿದ್ದ ದುಂಡವ್ವ ಬಾಗಿಲಿನ ತಗಡು ಹಿಡಿದುಕೊಂಡಳು.

“ಬಂದ್ ಮಾಡ್ರಿ ಅದನ್ನ.”

“ಆಂ?”

“ಮಿಶನ್ ಬಂದ್ ಮಾಡೋ ನಮ್ಮಪ್ಪಾ!”

ಬೆಲ್ಟು ನಿಂತಿತು. ಗಾಳಿಯಲ್ಲಿದ್ದ ಅರಳೆಯ ಎಳೆಗಳು ಮೆಲ್ಲಗೆ ಇಳಿದು ಮೂವರ ತಲೆಯ ಮೇಲೂ ಕೂತವು. ಮೂರನೆಯವಳು ಅಬ್ದುಲ್‌ಸಾಬನ ಹೆಂಡತಿ ರಾಜಮಾಬಿ, ಮೂಲೆಯಲ್ಲಿ ದಿಂಬಿನ ಬಟ್ಟೆ ಹೊಲಿಯುತ್ತಿದ್ದಳು.

ನಲವಡಿಯ ದುಂಡವ್ವನ ಗಂಡ ಬೀರಲಿಂಗ ಜೋಳದ ಕಣಿಕೆಯ ಬಣವೆಯ ಮೇಲಿಂದ ಬಿದ್ದು ಬೆನ್ನು ಮುರಿದುಕೊಂಡು, ಎರಡು ವರ್ಷ ಈ ಗಾದಿಯ ಮೇಲೆ ಮಲಗಿದ್ದ. ಎರಡು ತಿಂಗಳ ಹಿಂದೆ ತೀರಿಕೊಂಡ. ಸತ್ತವರ ಹಾಸಿಗೆಯನ್ನು ಊರ ಹೊರಗೆ ಹಾಕಿ ಬರುತ್ತಾರೆ, ಆಕೆ ಹಾಕಗೊಡಲಿಲ್ಲ. ಗಾದಿಯ ಬಾಜು ಚಾಪೆ ಹಾಸಿ, ಅವನ ಮೈಯಿಂದಾದ ತಗ್ಗಿನಲ್ಲಿ ಕೈಯಿಟ್ಟು ಮಲಗುತ್ತಿದ್ದಳು. ಇದನ್ನೇ ನೋಡಿ ನೋಡಿ ಮೈದುನ ತಿರಕಪ್ಪನಿಗೆ ತಡೆಯಲಾಗಲಿಲ್ಲ. ಈ ದಿನ ಆಕೆ ಕಳೆ ತೆಗೆಯಲು ಹೋದದ್ದೇ ತಡ, ಗಾದಿಯನ್ನು ಬೈಕಿಗೆ ಕಟ್ಟಿ ತಂದು ಇಲ್ಲಿ ಇಳಿಸಿದ್ದ. “ಹಿಂಜಿ ಹೊಸದು ಮಾಡ್ರಿ, ನಮ್ಮ ಅತ್ತಿಗಿ ಮೆತ್ತಗ ಮಲಗಲಿ” ಅಂದಿದ್ದ. ಮನೆಗೆ ಬಂದು ವಿಷಯ ತಿಳಿದ ಆಕೆ ಟಂಟಂ ಆಟೊ ಹತ್ತಿ ಬರುವಷ್ಟರಲ್ಲಿ, ಸಾವಿನ ಮನೆಯ ಕೆಲಸ ಕಾಯಿಸಬಾರದೆಂದು ಅಬ್ದುಲ್‌ಸಾಬ ಆಗಲೇ ತಲೆಯ ಕಡೆಯ ಹೊಲಿಗೆ ಬಿಚ್ಚಿದ್ದ. ಗಟ್ಟಿಯಾದ ಅರಳೆಯನ್ನು ಕೈಯಿಂದ ಹರಿದು, ಕೋಲಿನಿಂದ ಬಡಿದು ಧೂಳು ತೆಗೆದು, ಯಂತ್ರದ ಹಲ್ಲಿಗೆ ಕೊಟ್ಟಿದ್ದ. ನಡುವಿನವರೆಗಿನದೆಲ್ಲ ಆಚೆ ಬದಿಯಲ್ಲಿ ಬೆಳ್ಳಗೆ ಉಬ್ಬಿಕೊಂಡು ಬಿದ್ದಿತ್ತು.

“ತಲಿ ಇಡೂ ಜಾಗಾ ಎಲ್ಲಿ ಹೋತ್ರಿ?” ಅಂದಳು ದುಂಡವ್ವ.

ಅಬ್ದುಲ್‌ಸಾಬ ಆ ರಾಶಿ ತೋರಿಸಿದ. ಆಕೆ ಕೂತು ಅಂಗೈಯಿಂದ ಒತ್ತಿದಳು. ಕೈ ತೆಗೆದಳು. ಅರಳೆ ಎದ್ದಿತು. ಎರಡೂ ಕೈ ಊರಿ ಒತ್ತಿದಳು. ಮತ್ತೆ ಎದ್ದಿತು. ಗಿರಾಕಿಗಳಿಗೆ ಹೀಗೆ ಒತ್ತಿ ತೋರಿಸಿಯೇ ಮೂವತ್ತು ವರ್ಷ ತನ್ನ ಕೆಲಸ ಹೊಗಳಿಕೊಂಡಿದ್ದ ಅಬ್ದುಲ್‌ಸಾಬ ಈಗ ಮುಖ ಆಚೆ ತಿರುಗಿಸಿದ.

“ಮೊದಲಿನಂಗ ಮಾಡಾಕ ಬರ್ತೈತೇನ್ರಿ?”

“ಇಲ್ರಿ ಯವ್ವಾ. ಕಲ್ಲು ಹೇರಿದ್ರ ತೆಳ್ಳಗ ಆಕ್ಕೈತಿ. ಅವರು ಮಲಗಿದಂಗ ಆಗೂದಿಲ್ಲ.”

“ನಾ ಬಡಕೊಂಡೆ,” ಎಂದು ರಾಜಮಾಬಿ ಗಂಡನ ಮೇಲೆ ಹರಿಹಾಯ್ದಳು. “ಹೆಣ್ಮಗಳನ್ನ ಒಂದ್ಮಾತು ಕೇಳ್ರಿ ಅಂತ. ನಿಮಗ ಊರಿಗೆಲ್ಲ ಉಪಕಾರ ಮಾಡೂ ಗಡಿಬಿಡಿ!”

“ನನಗ ಬೈರಿ ಅಕ್ಕಾರ, ನೀವೂ ಬೈರಿ.”

“ಏನಂತ ಬೈಲಿ? ಚೊಲೋ ಕೆಲಸಾನ ಮಾಡೀರಿ.”

ರಾಜಮಾಬಿ ಗಾದಿಯ ಉಳಿದ ಅರ್ಧದ ಮೇಲೆ ಕೈಯಾಡಿಸುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. “ಇಲ್ಲಿ ಬಾ ಅಕ್ಕಾ. ಕಾಲಿನ ಕಡೆ ಇನ್ನೂ ಕೈ ಹಚ್ಚಿಲ್ಲ ನೋಡು.”

ಅಲ್ಲಿ ಎರಡು ಸಣ್ಣ ಕುಳಿಗಳಿದ್ದವು. ದುಂಡವ್ವ ಒಂದೊಂದರಲ್ಲೂ ಬೆರಳಿಟ್ಟಳು.

“ಹಿಮ್ಮಡ. ಎಡಗಾಲಿಂದು ಸೊಲ್ಪ ಆಳ. ಆ ಕಾಲು ಎತ್ತಾಕ ಬರ್ತಿದ್ದಿಲ್ಲ ಅವಗ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಿನ್ನ ಹಿಮ್ಮಡ ಎರಿ ಹೊಲದಂಗ ಬಿರದಾವು, ಇದರಾಗ ಜ್ವಾಳಾ ಬಿತ್ತಬಹುದು ನೋಡು ಅಂತಿದ್ದೆ. ‘ಬಿತ್ತು, ಫಸಲು ನೀನ ತಗೋ’ ಅಂತ ನಗ್ತಿದ್ದ.”

ಮತ್ತೆ ಎಡಗಾಲಿನ ಕುಳಿಯಲ್ಲಿ ಬೆರಳಿಟ್ಟಳು.

“ಇಷ್ಟರ ಕೊಡ್ರಿ,” ಅಂದಳು. “ಹಿಂಗ ಇದ್ದಂಗ.”

ಗಾದಿ ಹೊಲಿಯುವುದೆಂದರೆ ಅರಳೆಯನ್ನು ಹರಡಿ, ಕೋಲಿನಿಂದ ತಟ್ಟಿ, ಎಲ್ಲೂ ಏರುಪೇರಿಲ್ಲದಂತೆ ಸಮ ಮಾಡುವುದು. ಅಬ್ದುಲ್‌ಸಾಬ ಕೋಲು ಮುಟ್ಟಲಿಲ್ಲ. ತಲೆಯ ಕಡೆಯ ಖಾಲಿ ಬಟ್ಟೆಯನ್ನು ನಡುವಿನಲ್ಲಿ ಕತ್ತರಿಸಿ, ಬಾಯಿ ಮಡಿಚಿ ಹೊಲಿದ. ಆಮೇಲೆ ಉದ್ದ ಸೂಜಿಯಿಂದ ಕುಳಿಗಳ ಸುತ್ತ, ಒಳಗಿನ ಅರಳೆ ಜಾರದ ಹಾಗೆ, ಮೇಲಿಂದ ಕೆಳಗೆ ದಾರ ಹಾಯಿಸಿದ. ದಾರ ಬಿಗಿಯಾದರೆ ಕುಳಿ ಮುಚ್ಚುತ್ತದೆ, ಸಡಿಲಾದರೆ ಅರಳೆ ಸರಿಯುತ್ತದೆ. ಎರಡು ಸಲ ಬಿಚ್ಚಿ ಮತ್ತೆ ಹಾಕಿದ. ಅಷ್ಟು ಹೊತ್ತೂ ದುಂಡವ್ವನ ಬೆರಳು ಎಡಗಾಲಿನ ಕುಳಿಯಲ್ಲೇ ಇತ್ತು. ಅವನು ಆ ಬೆರಳಿನ ಸುತ್ತ ಬಳಸಿ ಹೊಲಿದ.

“ಈ ಹಿಂಜಿದ ಅರಳಿ ಏನ ಮಾಡ್ಲಿ?”

“ತಿರಕಪ್ಪಗ ದಿಂಬು ಮಾಡಿ ಕೊಡ್ರಿ. ಪಾಪ, ನನ್ನ ಸಲುವಾಗಿ ತಂದಾನ.”

“ಅವಗ ಬೈಬ್ಯಾಡ ಮತ್ತ,” ಅಂದಳು ರಾಜಮಾಬಿ.

“ಇಲ್ಲ ಬಿಡ ಬೇ. ಅವನೂ ಅಣ್ಣನ್ನ ಕಳಕೊಂಡಾನ.”

ಗಂಡ ಹೆಂಡತಿ ಆ ಅರ್ಧ ಗಾದಿಯನ್ನು ಅಡ್ಡಲಾಗಿ ಹಿಡಿದು, ಹೊತ್ತ ನೀರು ಚೆಲ್ಲಬಾರದೆನ್ನುವವರ ಹಾಗೆ ರಸ್ತೆಗೆ ತಂದರು. ನಲವಡಿ ಕಡೆಯ ಟಂಟಂ ನಿಂತಿತು.

“ಸುತ್ತಿ ಮ್ಯಾಲ ಕಟ್ಟೂಣ್ರಿ,” ಅಂದ ಡ್ರೈವರ್.

“ಸುತ್ತಬ್ಯಾಡೋ ತಮ್ಮಾ,” ಅಂದಳು ದುಂಡವ್ವ.

“ಸುತ್ತದ ಹೆಂಗ ಬೇ? ಒಳಗ ಮಂದಿ ಕುಂತಾರ.”

“ಮಂದಿ ಮ್ಯಾಲ ಇಡೂಣು,” ಅಂದ ಅಬ್ದುಲ್‌ಸಾಬ.

ಎದುರುಬದುರು ಕೂತಿದ್ದವರು ಗೊಣಗುತ್ತಲೇ ಮೊಣಕಾಲು ಜೋಡಿಸಿಕೊಂಡರು. ಗಾದಿ ಅವರ ತೊಡೆಗಳ ಮೇಲೆ ಚಪ್ಪಟೆಯಾಗಿ ಕೂತಿತು. ಕೊನೆಗೆ ಹತ್ತಿದ ಮುದುಕಿಯೊಬ್ಬಳು ಮೆಂತೆಸೊಪ್ಪಿನ ಬುಟ್ಟಿಯನ್ನು ಅದರ ಮೇಲೆ ಇಳಿಸಲು ಹೋಗಿ, ದುಂಡವ್ವನ ಮುಖ ನೋಡಿದಳು. ಬುಟ್ಟಿಯನ್ನು ಮತ್ತೆ ತಲೆಯ ಮೇಲೇ ಇಟ್ಟುಕೊಂಡು ಒಂದು ಕೈಯಿಂದ ಹಿಡಿದಳು. ಟಂಟಂ ಹೊರಟಿತು.