ಮೆಳ್ಳೆಗಣ್ಣಿನ ಗಿಳಿ

ಚಿಕ್ಕಪ್ಪನ ಮಗಳು ಹೇಮಲತಾಳ ಮದುವೆಗೆಂದು ನಮ್ಮ ಜಾನಕಜ್ಜಿ ರವಿಕೆ ಕಣವೊಂದರ ಮೂಲೆಯಲ್ಲಿ ಹಸಿರು ದಾರದ ಗಿಳಿ ಹಾಕಿಕೊಟ್ಟಿದ್ದಳು. ದೃಷ್ಟಿ ಮಂಜಾಗಿತ್ತಲ್ಲ, ಗಿಳಿಯ ಕಣ್ಣು ಹೋಗಿ ಕೊಕ್ಕಿನ ಮೇಲೆ ಕೂತಿತ್ತು. ರಾಕ್ಷಸನ ಜೀವ ಗಿಳಿಯೊಳಗಿದ್ದ ಕತೆಯನ್ನು ಜಾವಗಲ್ಲಿನ ನಮ್ಮ ಜಗಲಿಯಲ್ಲಿ ಅಜ್ಜಿಯ ಒಂದೊಂದು ತೊಡೆಯ ಮೇಲೆ ತಲೆಯಿಟ್ಟು ಕೇಳಿದವರು ನಾನು, ಹೇಮಲತಾ ಇಬ್ಬರೂ. ಮದುವೆಯಾದ ವರ್ಷವೇ ಅಜ್ಜಿ ಹೋದಳು. ಅವಳ ಕೈಕೆಲಸವೆಂದು ಉಳಿದದ್ದು ಅದೊಂದೇ.

ಮೂರು ವರ್ಷದ ಮೇಲೆ ಎರಡು ದಿನ ರಜೆ ಹಾಕಿ ಅರಸೀಕೆರೆಯ ಅವಳ ಗಂಡನ ಮನೆಗೆ ಬಂದೆ. ಹೇಮಲತಾಳ ಜೊತೆ ಹಳೇಬೀಡು, ಬೇಲೂರು ಸುತ್ತುವುದೆಂದು ಫೋನಿನಲ್ಲಿ ಮಾತಾಗಿತ್ತು. ನನಗೆ ದೇವಸ್ಥಾನಕ್ಕಿಂತ ಆ ಗಿಳಿಯನ್ನು ಇನ್ನೊಮ್ಮೆ ಮುಟ್ಟಬೇಕಿತ್ತು.

"ಇವತ್ತು ಆಗಲ್ಲ ಕಣೇ ಮಧು, ಅತ್ತೆ ಕಡೆಯವರು ಬರ್ತಾರೆ," ಎಂದಳು ಬಾಗಿಲಲ್ಲೇ. ಕಾಫಿ ಕೊಡುತ್ತಾ, "ಇನ್ನೂ ಹಂಗೇ ಆಕಾಶ ನೋಡ್ಕೊಂಡು ಕೂತಿರ್ತೀಯೇನೇ? ಮದುವೆ ಗಿದುವೆ?"

"ಅಜ್ಜಿ ಗಿಳಿ ಹಾಕಿದ್ದ ಕಣ ಒಂದ್ಸಲ ತೋರ್ಸೇ."

"ಅದಾ? ಬೀರು ತಳದಲ್ಲಿ ಜೋಪಾನವಾಗಿಟ್ಟಿದೀನಿ. ಈಗ ಎಲ್ಲಾ ಎಳೆದ್ರೆ ಆಮೇಲೆ ಮಡಚೋರ್ಯಾರು?"

ಒಳಗಿಂದ ಅವಳ ಅತ್ತೆ ಶಿವಗಂಗಮ್ಮ ಕೂಗಿದರು: "ಬರಿಗೈಲಿ ಕಳಿಸ್ಬ್ಯಾಡ ಕಣವ್ವ. ಒಂದು ಕಣ ಇಟ್ಟು ಕುಂಕುಮ ಕೊಡು."

ಬಾಗಿಲ ಪಕ್ಕದ ಶೆಲ್ಫಿನಲ್ಲಿ ಕಣಗಳ ಅಟ್ಟಿಯಿತ್ತು. ಬಂದವರು ಕೊಟ್ಟದ್ದು, ಬಂದವರಿಗೆ ಕೊಡುವಂಥದ್ದು. ಹೇಮಲತಾ ಒಂದನ್ನು ನೋಡದೆಯೇ ಎಳೆದು, ಎಲೆಅಡಿಕೆ, ತೆಂಗಿನಕಾಯಿಯ ಜೊತೆ ಕವರಿಗೆ ಹಾಕಿದಳು.

ಒಬ್ಬಳೇ ಹಳೇಬೀಡಿನ ಬಸ್ಸು ಹತ್ತಿದೆ. ಜಾವಗಲ್ ಬಂದಾಗ ನಮ್ಮ ಜಗಲಿ ಕಂಡೀತೇನೋ ಎಂದು ಕತ್ತು ಚಾಚಿದೆ. ಕವರು ಜಾರಿತು, ಕಾಯಿ ಉರುಳಿತು, ಕಣದ ಮಡಿಕೆ ಬಿಚ್ಚಿಕೊಂಡಿತು. ಮೂಲೆಯಲ್ಲಿ ಹಸಿರು ಗಿಳಿ. ಕಣ್ಣು ಕೊಕ್ಕಿನ ಮೇಲೆ.

ಪಕ್ಕದ ಹೆಂಗಸು ಕಾಯಿ ಎತ್ತಿಕೊಟ್ಟಳು. "ಕುಂಕುಮಕ್ಕೆ ಕೊಟ್ರಾ? ಬಟ್ಟೆ ಚೆನ್ನಾಗೈತೆ. ಗಿಳಿಗೆ ಮಾತ್ರ ಮೆಳ್ಳೆಗಣ್ಣು!"

ನನಗಿಂತ ಮುಂಚೆ ಬೇರೆ ಯಾರಾದರೂ ಹೋಗಿದ್ದರೆ ಅವರ ಪಾಲಾಗುತ್ತಿತ್ತು. ಸಿಕ್ಕಿತಲ್ಲ ಎಂದು ಖುಷಿಪಡಲು ನೋಡಿದೆ, ಆಗಲಿಲ್ಲ.

ಕತೆಯಲ್ಲಿ ಗಿಳಿಯ ಕತ್ತು ಹಿಸುಕಿದರೆ ಏಳು ಸಮುದ್ರದಾಚೆ ರಾಕ್ಷಸ ಕಿರುಚಿ ಬೀಳುತ್ತಾನೆ. ಹೆಬ್ಬೆರಳಿನಿಂದ ದಾರದ ಕತ್ತನ್ನು ಒತ್ತಿದೆ. ಇನ್ನೂ ಒತ್ತಿದೆ.

ಫೋನು ಹೊಡೆದುಕೊಂಡಿತು.

"ಸೀಟು ಸಿಕ್ತೇನೇ?" ಹೇಮಲತಾಳ ದನಿ ಗಟ್ಟಿಮುಟ್ಟಾಗಿತ್ತು. "ಬೇಜಾರಾಗ್ಬೇಡ. ಮುಂದಿನ ಸಲ ಬರೋ ಹೊತ್ತಿಗೆ ನಿನ್ ಗಿಳಿ ತೆಗೆದಿಟ್ಟಿರ್ತೀನಿ."

"ಹೂಂ ಕಣೇ," ಎಂದೆ. "ತೆಗೆದಿಟ್ಟಿರು."